ತಾಳಮದ್ದಲೆಯಲ್ಲಿ ಅರ್ಥ ಹೇಳುವಾಗ ಟಿಪ್ಪಣಿಗೆ ಯಾವ ಆ್ಯಪ್ ಒಳ್ಳೆಯದು?

ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ತಾಳಮದ್ದಲೆ, ಅದರಲ್ಲಿ ಪಾತ್ರವಾಗಿ ಅಲ್ಲೇ ಕಟ್ಟಿ ಆಡುವ ಮಾತೇ ಅರ್ಥ. ಟ್ಯಾಬ್ ಎದುರಿಟ್ಟುಕೊಂಡು ಅದನ್ನು ಹೇಳಲು ಹೊರಟಿದ್ದೀರಿ ಅಲ್ವಾ? ನಾನೂ ಹೊರಟಿದ್ದೆ ಮಾರಾಯ್ರೆ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಉಡುಪಿ ಹತ್ತಿರದ ಒಂದು ದೇವಸ್ಥಾನದಲ್ಲಿ ಮಳೆಗಾಲದ ಕೂಟ. ಪ್ರಸಂಗ ವಾಲಿವಧೆ. ನನಗೆ ರಾಮ, ವಾಲಿಗೆ ಒಬ್ಬರು ಹಿರಿಯರು. ವಾಲಿ ಏನೇನು ಕೇಳಬಹುದು ಅಂತ ಲೆಕ್ಕ ಹಾಕಿ 14 ಉತ್ತರ ಟೈಪ್ ಮಾಡಿಟ್ಟಿದ್ದೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂದರೆ 2ನೆಯದು, ಸುಗ್ರೀವನ ಹೆಂಡತಿಯ ವಿಷಯ ಬಂದರೆ 4ನೆಯದು, ಹೀಗೆ.

ತಪ್ಪಾದದ್ದು ಎಲ್ಲಿ ಅಂದರೆ, ಟ್ಯಾಬ್ ಇಟ್ಟದ್ದರಲ್ಲಿ ಅಲ್ಲ. ವಾಲಿ ಮಾತಾಡುತ್ತಿದ್ದಾಗ ನಾನು ಕೇಳುತ್ತಿರಲಿಲ್ಲ, 4ನೆಯ ಉತ್ತರ ಎಲ್ಲಿದೆ ಅಂತ ಬೆರಳಾಡಿಸುತ್ತಿದ್ದೆ. ಅಷ್ಟರಲ್ಲಿ ಅವರು 'ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ನನ್ನದೇ ತಪ್ಪು, ಒಪ್ಪಿದೆ' ಅಂದುಬಿಟ್ಟಿದ್ದಾರೆ. ಮುಂದಕ್ಕೆ ಬೇರೆ ಪ್ರಶ್ನೆಯನ್ನೂ ಕೇಳಿದ್ದಾರೆ. ನನಗೆ 'ಹೆಂಡತಿ' ಅನ್ನುವ ಒಂದು ಶಬ್ದ ಮಾತ್ರ ಕಿವಿಗೆ ಬಿದ್ದದ್ದು. ತಪ್ಪು ಒಪ್ಪಿಕೊಂಡು ಕೂತವನಿಗೆ, ಅದು ಹೇಗೆ ತಪ್ಪು ಅಂತ ಐದು ನಿಮಿಷ ಪಾಠ ಮಾಡಿದೆ! ಸಭೆಯಲ್ಲಿ ಯಾರೋ ಕಿಸಕ್ಕೆಂದರು. ವಾಲಿಯಾಗಿದ್ದ ಹಿರಿಯರು ನನ್ನ ಮುಖದ ಮೇಲೆ ಬಿದ್ದ ಟ್ಯಾಬಿನ ಬೆಳಕನ್ನೇ ನೋಡಿ, ನಿಧಾನಕ್ಕೆ ಹೇಳಿದರು: 'ರಾಮಾ, ಬಾಣ ಮರೆಯಿಂದ ಬಂತು ಅಂದುಕೊಂಡಿದ್ದೆ. ನಿನ್ನ ಉತ್ತರವೂ ಮರೆಯಿಂದಲೇ ಬರುವುದಾ?'

ಚಪ್ಪಾಳೆ ನಿಲ್ಲಲೇ ಇಲ್ಲ. ಯೂಟ್ಯೂಬಲ್ಲಿ ಲೈವ್ ಬೇರೆ ಇತ್ತು. ದುಬೈಯಲ್ಲಿರುವ ಬಾವ ಆ ತುಂಡನ್ನು ಇವತ್ತಿಗೂ ವಾಟ್ಸಾಪಲ್ಲಿ ಕಳಿಸುತ್ತಾನೆ.

ಹಾಗಾಗಿ ಯಾವ ಆ್ಯಪ್ ಅಂತ ಕೇಳಬೇಡಿ. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು, ಅರ್ಥ ಅಲ್ಲ. ಎದುರಿನವರು ಬಾಯಿ ಬಿಟ್ಟ ಮೇಲೇ ಅದು ಹುಟ್ಟಬೇಕು. ಅರ್ಥ ಹೇಳುವುದರಲ್ಲಿ ದೊಡ್ಡ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡದ್ದು 2006ರಲ್ಲಿ, ಆದರೂ ಅವರ ವಾಲಿಯನ್ನು ಈಗ ಬಸ್ಸಲ್ಲಿ ಕೂತು ಇಯರ್‌ಫೋನಲ್ಲಿ ಕೇಳಬಹುದು. ಕೇಳಿ. ಬಾಯಿಪಾಠ ಮಾತ್ರ ಮಾಡಬೇಡಿ, ಸಭೆಯಲ್ಲಿ ಕೂತವರು ನಿಮಗಿಂತ ಜಾಸ್ತಿ ಸಲ ಅದನ್ನು ಕೇಳಿರುತ್ತಾರೆ.

ಮೊಬೈಲ್ ಬೇಕೇ ಬೇಕು ಅಂದರೆ ನಿಮ್ಮ ಅರ್ಥವನ್ನೇ ರೆಕಾರ್ಡ್ ಮಾಡಿ. ನಾನು ಮಂಗಳೂರಿಂದ ಉಡುಪಿಗೆ ಬರುವಾಗ ನನ್ನದನ್ನು ಒಂದು ಸಲ ಕೇಳಿದೆ. ಎರಡು ಮಾತಿಗೊಂದು 'ಅಂದರೆ'! ಪಡುಬಿದ್ರಿ ದಾಟುವಷ್ಟರಲ್ಲಿ 41 ಎಣಿಸಿ ಕಿವಿಯಿಂದ ಕಿತ್ತು ಹಾಕಿದೆ. ಯಾವ ಗುರುವೂ ನನಗೆ ಅದನ್ನು ಹೇಳಿರಲಿಲ್ಲ.

ಆ ಟ್ಯಾಬ್ ಈಗ ನಮ್ಮ ಭಾಗವತರ ಹತ್ತಿರ ಇದೆ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದಲ್ವಾ, ಕನ್ನಡಕ ಮನೆಯಲ್ಲೇ ಬಿಟ್ಟು ಬರುತ್ತಾರೆ.