ಮೋಟೋಕ್ರಾಸ್‌ನಲ್ಲಿ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ತಿರುವು ಮುಗಿದ ತಕ್ಷಣ ಜಂಪ್ ಇದ್ದರೆ ಮೈ ಹೇಗಿರಬೇಕು?

ಇಂಥ ಜಂಪ್ ಕೆಡುವುದು ಹೆಚ್ಚಾಗಿ ಗಾಳಿಯಲ್ಲಲ್ಲ, ತಿರುವಿನ ಕೊನೆಯಲ್ಲೇ. ತಿರುವಿನಲ್ಲಿ ನೀವು ಸೀಟಿನ ಮುಂಭಾಗದಲ್ಲಿ, ಟ್ಯಾಂಕಿಗೆ ಒತ್ತಿಕೊಂಡು, ಒಳಬದಿಯ ಕಾಲು ಚಾಚಿ ಕೂತಿರುತ್ತೀರಿ. ಬೈಕ್ ನೆಟ್ಟಗಾಗುತ್ತಿದ್ದಂತೆ ಆ ಕಾಲು ಫುಟ್‌ಪೆಗ್‌ಗೆ (ಕಾಲಿಡುವ ಕಡ್ಡಿ) ವಾಪಸ್ ಬರಬೇಕು, ನೀವು ಎದ್ದು ನಿಂತಿರಬೇಕು. ಜಂಪ್‌ನ ಏರು ಶುರುವಾದ ಮೇಲೆ ಏಳಲು ಹೋದರೆ ತಡವಾಯಿತು. ಬೈಕ್ ಇನ್ನೂ ವಾಲಿರುವಾಗಲೇ ಏರು ಹತ್ತಿದರೆ ಅಡ್ಡಡ್ಡ ಹಾರುತ್ತದೆ.

ನಿಂತಾಗ ಪೆಗ್ ಮೇಲೆ ಪಾದದ ಮುಂಭಾಗ, ಮಂಡಿಗಳ ನಡುವೆ ಬೈಕ್, ಮೊಣಕೈ ಮೇಲೆ, ತಲೆ ಹ್ಯಾಂಡಲ್‌ಬಾರ್‌ನ ನೇರಕ್ಕೆ. ಭಾರ ಕಾಲಿನ ಮೇಲಿರಲಿ. ಕೈಯಲ್ಲಿ ನೇತಾಡಿದರೆ ಥ್ರಾಟಲ್ (ಆಕ್ಸಿಲರೇಟರ್) ತಾನಾಗಿ ತಿರುಗಿಬಿಡುತ್ತದೆ. ಏರಿನ ತುದಿ ದಾಟುವವರೆಗೂ ಥ್ರಾಟಲ್ ಒಂದೇ ಸಮ. ಹೆದರಿ ಮುಚ್ಚಿದಿರೋ, ಮುಂದಿನ ಚಕ್ರ ಕೆಳಗೆ ಬಾಗುತ್ತದೆ. ಆಗ ಗಾಳಿಯಲ್ಲೇ ಥ್ರಾಟಲ್ ಕೊಟ್ಟರೆ ಬೈಕಿನ ಮೂತಿ ಮೇಲೇಳುತ್ತದೆ. ಮೂತಿ ಅತಿಯಾಗಿ ಎದ್ದಿದ್ದರೆ ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿ ಇಳಿಸಬಹುದು.

ಸೂಪರ್‌ಕ್ರಾಸ್‌ನಲ್ಲಿ (ಕ್ರೀಡಾಂಗಣದೊಳಗೆ ನಡೆಯುವ ಮೋಟೋಕ್ರಾಸ್) ತಿರುವಿಗೂ ಟ್ರಿಪಲ್‌ಗೂ (ಒಂದೇ ಸಲಕ್ಕೆ ಹಾರಿ ದಾಟುವ ಮೂರು ದಿಬ್ಬ) ನಡುವೆ ಜಾಗ ಕಡಿಮೆ. ಅಲ್ಲಿ ಎಷ್ಟೋ ಸಲ ಸವಾರರು ಬೇಕೆಂದೇ ಕೂತೇ ಏರು ಹತ್ತುತ್ತಾರೆ. ಹಿಂದಿನ ಸಸ್ಪೆನ್ಷನ್ ಚೆನ್ನಾಗಿ ಅದುಮಿಕೊಂಡು, ತುದಿಯಲ್ಲಿ ಬೈಕನ್ನು ಚಿಮ್ಮಿಸುತ್ತದೆ. ಸೀಟ್ ಬೌನ್ಸ್ ಅನ್ನುವುದು ಇದನ್ನೇ. ಚಿಕ್ಕ ಟೇಬಲ್‌ಟಾಪನ್ನು (ಮೇಲ್ಭಾಗ ಸಪಾಟಾದ ಜಂಪ್) ಪೆಗ್ ಮೇಲೆ ನಿಂತು ಹಾರುವುದು ಕೈಗೂಡುವ ಮುನ್ನ ಸೀಟ್ ಬೌನ್ಸ್‌ನ ಗೊಡವೆಗೆ ಹೋಗಬೇಡಿ.