ಮಂಗನ ಕಾಯಿಲೆಯಲ್ಲಿ ಮಾನವಶಾಸ್ತ್ರಜ್ಞರಿಗೇನು ಕೆಲಸ?

ಪತ್ರ: ಕಳೆದ ಸಂಚಿಕೆಯ ಮಂಗನ ಕಾಯಿಲೆ ಲೇಖನದಲ್ಲಿ ದೈವ, ದೈವ ಮೈದುಂಬಿ ನುಡಿಯುವ ದರ್ಶನ ಅಂತೆಲ್ಲ ಬರೆದಿದ್ದೀರಿ. ವೈರಾಣು ಗೊತ್ತಿದೆ, ಹರಡುವ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಗೊತ್ತಿದೆ. ನಡುವೆ ಮಾನವಶಾಸ್ತ್ರಜ್ಞರಿಗೇನು ಕೆಲಸ? ಇದನ್ನೋದಿದವರು ಆಸ್ಪತ್ರೆ ಬಿಟ್ಟು ದರ್ಶನಕ್ಕೆ ಓಡಿದರೆ ಹೊಣೆ ಯಾರು?
– ನಿವೃತ್ತ ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ಜ್ವರ ತರುವುದು ವೈರಾಣುವೇ. ಅದರಲ್ಲಿ ನಿಮಗೂ ನಮಗೂ ತಕರಾರಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿದ್ದು ಸಣ್ಣ ಕೆಲಸವಲ್ಲ. ಆದರೆ ಅದು ಯಾರ ಮೈ ಸೇರುತ್ತದೆ, ಯಾವಾಗ ಸೇರುತ್ತದೆ ಎಂದು ತಿಳಿಯಬೇಕಾದರೆ ಪ್ರಯೋಗಾಲಯದಿಂದ ಹೊರಗೆ ಬರಲೇಬೇಕು.

ನಿಮ್ಮ ಸೀಮೆಯದನ್ನೇ ನೋಡಿ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳಿಂದ ಸುತ್ತಲಿನ ಜಾಗವೇ ಅಪಾಯದ್ದಾಗುತ್ತದೆ. ಮರಿ ಉಣುಗುಗಳ ಕಾಟ ಹೆಚ್ಚುವುದು ಮಳೆ ಕಳೆದು ಕಾಡು ಒಣಗಿದ ಮೇಲೆ. ಕೊಟ್ಟಿಗೆಗೆ ಹಾಸಲು, ಅಡಿಕೆ ತೋಟದ ಗೊಬ್ಬರಕ್ಕೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲವೂ ಅದೇ. ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು, ದರಗು ತರುವ ಕಾಡಿನಲ್ಲಿ) ದಿನವಿಡೀ ಬಗ್ಗಿ ದರಗು ಬಾಚಿ, ಹೆಡಿಗೆಗೆ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತರುವವರ ಕುತ್ತಿಗೆ, ಕಂಕುಳು, ಸೊಂಟದ ಮಡಿಕೆಗೆ ಉಣುಗು ಹತ್ತುತ್ತದೆ. ತೋಟದ ಯಜಮಾನರು ಆ ಹೊತ್ತಿಗೆ ಜಗಲಿಯ ಮೇಲಿರುತ್ತಾರೆ. (ಎಲ್ಲರೂ ಅಲ್ಲ, ಸಿಟ್ಟಾಗಬೇಡಿ.) ‘ಕಾಡಿಗೆ ಹೋಗಬೇಡಿ’ ಎಂಬ ಸಲಹೆ ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ದೈವದ ವಿಷಯ. 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡಲು ಕಾಡು ಕಡಿದರು. ಮಂಗಗಳು ಸತ್ತವು, ಹಿಂದೆಯೇ ಜನ ಸತ್ತರು. ದೈವದ ಜಾಗ ಕೆಡಿಸಿದ್ದಕ್ಕೇ ಇದು ಬಂತೆಂದು ಊರಲ್ಲಿ ಮಾತಾಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಈ ಬಗ್ಗೆ 1987ರಲ್ಲಿ ಬರೆದ ಪ್ರಬಂಧವೇ ನಮ್ಮ ಲೇಖನಕ್ಕೆ ಆಧಾರ. ದೈವವನ್ನು ನೀವು ಬೇಕಾದರೆ ಪಕ್ಕಕ್ಕಿಡಿ. ಕಾಡು ಕಡಿದದ್ದಕ್ಕೂ ಜ್ವರ ಬಂದದ್ದಕ್ಕೂ ಜನ ಗಂಟು ಹಾಕಿದ್ದು ತಪ್ಪೇ? ನಿಕ್ಟರ್ ಕೂಡ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಜನರ ನಂಬಿಕೆಯ ಲೆಕ್ಕದಲ್ಲಿ ಪರಿಹಾರವೆಂದರೇನು, ಸರಕಾರದ ಲೆಕ್ಕದಲ್ಲಿ ಏನು ಎಂಬುದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೊಣೆ ಯಾರದೆಂಬ ಪ್ರಶ್ನೆ ಎರಡರಲ್ಲೂ ಇದೆ. ನೀವು ನಮಗೆ ಕೇಳಿದ್ದೂ ಅದನ್ನೇ.

ದರ್ಶನಕ್ಕೆ ಓಡಿ ಆಸ್ಪತ್ರೆಗೆ ತಡವಾದೀತೆಂಬ ನಿಮ್ಮ ಆತಂಕ ನಿಜವಾದದ್ದು. ಈ ಕಾಯಿಲೆಗೆಂದೇ ಔಷಧಿಯಿಲ್ಲ. ಮೈಯ ನೀರಿನಂಶ, ರಕ್ತಸ್ರಾವ ನೋಡಿಕೊಳ್ಳುವ ಆರೈಕೆ ಬೇಗ ಸಿಗಬೇಕು. ಆದರೆ ತಡಕ್ಕೆ ದೈವವೊಂದೇ ಕಾರಣವೇ? ಕೂಲಿ ತಪ್ಪುತ್ತದೆಂದು ಜ್ವರದ ಮಾತ್ರೆ ನುಂಗಿ ಮರುದಿನವೂ ದರಗಿಗೆ ಹೋಗುವವರನ್ನು ನೀವೂ ನೋಡಿರುತ್ತೀರಿ. ಆ ಬಗ್ಗೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.