ಶೆಂಗುನ್ ಮೇಲೋ, ಹೋಲ್ಮ್‌ಗ್ರೆನ್ ಮೇಲೋ?

ಬೀದರಿನ ಗೆಳೆಯರೇ, 2002ರಲ್ಲಿ ಅಥವಾ ಆಮೇಲೆ ಹುಟ್ಟಿದ ಎನ್‌ಬಿಎ ಸೆಂಟರ್‌ಗಳಲ್ಲಿ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರರಲ್ಲಿ, ಹ್ಯೂಸ್ಟನ್‌ನ ಶೆಂಗುನ್‌ನನ್ನು ಒಕ್ಲಹೋಮಾ ಸಿಟಿಯ ಹೋಲ್ಮ್‌ಗ್ರೆನ್‌ಗಿಂತ ಮೇಲಿಡಬಹುದೇ ಎಂದು ಕೇಳಿದ್ದೀರಿ. ನಾನು ಇಡುವುದಿಲ್ಲ, ಮನಸ್ಸೇನೋ ಶೆಂಗುನ್ ಕಡೆಗೇ ವಾಲುತ್ತದೆ.

ಮೊದಲ ಸ್ಥಾನ ವೆಂಬನ್ಯಾಮಾನದು, ತಕರಾರೇ ಇಲ್ಲ. ಕಾಲಿಟ್ಟ ವರ್ಷವೇ, 2023-24ರಲ್ಲಿ, ಪಂದ್ಯಕ್ಕೆ ಸರಾಸರಿ 3.6 ಬ್ಲಾಕ್ ಮಾಡಿ (ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ತಡೆದು) ಇಡೀ ಲೀಗಿಗೆ ಮೊದಲಿಗನಾದ.

ಹೋಲ್ಮ್‌ಗ್ರೆನ್ ಕಡ್ಡಿಯಂತಿದ್ದಾನೆ, ತಳ್ಳಿದರೆ ಬೀಳುತ್ತಾನೆ ಎನ್ನುವವರು 2025ರ ಫೈನಲ್‌ನ ಏಳನೇ ಪಂದ್ಯ ನೋಡಲಿ. 18 ಅಂಕ, 5 ಬ್ಲಾಕ್, ಒಕ್ಲಹೋಮಾ ಸಿಟಿಗೆ ಪ್ರಶಸ್ತಿ. ನನ್ನ ತೀರ್ಪಿಗೆ ಅಷ್ಟು ಸಾಕು, ಎರಡನೆಯವನು ಅವನೇ.

ಆದರೆ ಕಲಿಯಲು ಶೆಂಗುನ್‌ನನ್ನೇ ನೋಡಬೇಕು. ಬುಟ್ಟಿಗೆ ಬೆನ್ನು ಮಾಡಿ ಚೆಂಡು ಹಿಡಿಯುತ್ತಾನೆ, ಎಡ ಭುಜ ತುಸು ಅಲುಗಿಸುತ್ತಾನೆ, ಕಾವಲಿಗ ಆ ಕಡೆ ವಾಲಿದ ಕ್ಷಣಕ್ಕೆ ಒಂದೇ ಪಾದದ ಮೇಲೆ ಬಲಕ್ಕೆ ತಿರುಗಿರುತ್ತಾನೆ. ಜಿಗಿತವೇ ಬೇಕಿಲ್ಲ. ನಮ್ಮ ಕಲಬುರಗಿಯ ಸಿಮೆಂಟ್ ಅಂಗಳದಲ್ಲಿ ಎತ್ತರದ ಹುಡುಗ ಬಂದರೆ ಬುಟ್ಟಿಯಡಿ ನಿಲ್ಲಿಸಿ ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿ ಎನ್ನುತ್ತಾರೆ, ಪಾಸ್ ಕೊಡುವುದನ್ನು ಯಾರೂ ಕಲಿಸುವುದಿಲ್ಲ. ಶೆಂಗುನ್ ಇದ್ದಾಗ ಹ್ಯೂಸ್ಟನ್ ಆಟವೇ ಅವನ ಕೈಯಿಂದ ಹರಿಯುತ್ತದೆ. ತಮಾಷೆಯೆಂದರೆ 2021ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಅವನನ್ನು 16ನೆಯವನಾಗಿ ಆರಿಸಿ ಹ್ಯೂಸ್ಟನ್‌ಗೆ ದಾಟಿಸಿದ್ದು ಒಕ್ಲಹೋಮಾ ಸಿಟಿಯೇ. ಆದರೂ ರಕ್ಷಣೆಯಲ್ಲಿ ಹೋಲ್ಮ್‌ಗ್ರೆನ್‌ಗೆ ಅವನು ಸಾಟಿಯಲ್ಲ, ಹಾಗಾಗಿ ಮೂರನೆಯವನು.

ನಾಲ್ಕಕ್ಕೆ ಡೆಟ್ರಾಯ್ಟ್‌ನ ಡ್ಯೂರೆನ್. ಮೊಬ್ಲಿಯನ್ನು ಬಿಟ್ಟದ್ದಕ್ಕೆ ಸಿಟ್ಟಾಗಬೇಡಿ, ಗಡಿ ಹಾಕಿದವರು ನೀವೇ, ಅವನು 2001ರವನು.